ಮೂರನೆಯ ಚೌಕ

ದುಂಡಪ್ಪ ಸತ್ತದ್ದು ನಾನು ಅವನ ಅರ್ಜಿಗೆ ಸಹಿ ಹಾಕಿದ ಮೂರನೆಯ ದಿನ, ಬೆಳಗಿನ ಹನ್ನೊಂದು ಗಂಟೆಗೆ. ಅರ್ಜಿಯನ್ನು ನಾನು ತಳ್ಳಿಹಾಕಿರಲಿಲ್ಲ, ಮಂಜೂರು ಮಾಡಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಸಮಾಧಾನ ಮಾಡಲು ಬಂದವರೆಲ್ಲ ಇದೇ ಮಾತು ಹೇಳಿದರು. “ನೀವು ಮಂಜೂರು ಮಾಡಿದ್ರಲ್ಲ, ನಿಮ್ಮದೇನು ತಪ್ಪೈತಿ” ಅಂದರು. ಆ ಮಾತು ಬಂದಾಗಲೆಲ್ಲ ನಾನು ಅಲ್ಲಿಂದ ಹೊರಟುಬಿಡುತ್ತಿದ್ದೆ.

ನಾನು ಕೊಡೆ ಕಾರ್ಖಾನೆಯ ವಿನಾಯಿತಿ ವಿಭಾಗದಲ್ಲಿದ್ದೆ. ಹೆಸರು ನೀಲಾಂಬಿಕೆ, ಎಲ್ಲರಿಗೂ ನೀಲಕ್ಕ. ವಿಭಾಗವೆಂದರೆ ದೊಡ್ಡದೇನಲ್ಲ, ಒಂದು ಕೋಣೆ, ಎದೆಮಟ್ಟದ ಒಂದು ಮೇಜು, ಎರಡು ಕಪಾಟು. ಮೈಗೆ ಹುಷಾರಿಲ್ಲದೆ ಕೆಲಸದಲ್ಲಿ ಏನಾದರೂ ಬದಲಾವಣೆ ಬೇಕಾದವರು ಡಾಕ್ಟರ ಚೀಟಿ ಹಿಡಿದು ನನ್ನ ಹತ್ತಿರ ಬರುತ್ತಿದ್ದರು. ಕಣ್ಣು ಮಂಜಾದವರನ್ನು ಹೊಲಿಗೆಯಿಂದ ಬಿಡಿಸಿ ಕೊಡೆ ಮಡಿಸುವ ಕೆಲಸಕ್ಕೆ ಹಾಕುವುದು, ಬಣ್ಣದ ವಾಸನೆ ಆಗದವರನ್ನು ಹಿಡಿ ಕೂಡಿಸುವಲ್ಲಿಗೆ ಕಳಿಸುವುದು, ಬಸುರಿಯರ ಕೆಲಸದ ಹೊತ್ತು ಕಡಿಮೆ ಮಾಡುವುದು, ಇವೆಲ್ಲ ನನ್ನ ಒಂದು ಸಹಿಯಿಂದ ಆಗುತ್ತಿದ್ದವು. ಫಾರ್ಮಿನ ಕೊನೆಯಲ್ಲಿ ಎರಡು ಚೌಕಗಳಿದ್ದವು. ಒಂದರ ಮುಂದೆ ‘ನಿಂತು’, ಇನ್ನೊಂದರ ಮುಂದೆ ‘ಮಲಗಿ’. ಈ ಮನುಷ್ಯ ಇನ್ನು ಮೇಲೆ ಹೇಗೆ ಕೆಲಸ ಮಾಡಬೇಕು ಎಂದು ನಾನು ಒಂದರಲ್ಲಿ ಗುರುತು ಹಾಕಬೇಕು.

ಮೂರನೆಯ ಚೌಕ ಇರಲಿಲ್ಲ. ನಮ್ಮ ಊರಲ್ಲಿ ಹೊತ್ತು ಮೂಡಿದ ಮೇಲೆ ಮುಳುಗುವ ತನಕ ಯಾರೂ ಕೂರುವುದಿಲ್ಲ. ಬಸ್ಸಿನಲ್ಲಿ ಹಿಡಿದುಕೊಳ್ಳಲು ಸರಳುಗಳಿವೆ, ಸೀಟುಗಳಿಲ್ಲ. ಮಕ್ಕಳು ಎತ್ತರದ ಡೆಸ್ಕಿಗೆ ಒರಗಿ ನಿಂತು ಬರೆಯುತ್ತಾರೆ. ಖಾನಾವಳಿಯಲ್ಲಿ ಗೋಡೆಯುದ್ದಕ್ಕೂ ಹೊಡೆದ ಹಲಗೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತೇವೆ. ಕ್ಷೌರದ ಮಲ್ಲೇಶಿ ಗಿಡ್ಡ ಮನುಷ್ಯ. ಒಂದು ಪೆಟ್ಟಿಗೆಯನ್ನು ಕಾಲಿನಿಂದ ಗಿರಾಕಿಯ ಸುತ್ತ ತಳ್ಳುತ್ತ, ಹತ್ತಿ ಇಳಿದು ಕೂದಲು ಕತ್ತರಿಸುತ್ತಾನೆ. ಸಂಡಾಸಿನಲ್ಲಿ ಕುಕ್ಕರುಗಾಲಲ್ಲಿ ಇರುವುದು ಕೂತಂತಲ್ಲ ಎಂದು ಹಿರಿಯರು ಎಂದೋ ತೀರ್ಮಾನಿಸಿದ್ದರು. ಕುರ್ಚಿ ಸ್ಟೂಲುಗಳನ್ನು ಬೆಳಗಾಗುವ ಮೊದಲೇ ಅಟ್ಟಕ್ಕೆ ಏರಿಸುತ್ತೇವೆ. ಸಂಜೆ ಕಾರ್ಖಾನೆಯ ಸೈರನ್ ಆಗುತ್ತಲೇ ಊರಿಗೆ ಊರೇ ಒಮ್ಮೆಲೇ ಕೂರುತ್ತದೆ. ಆ ಗಳಿಗೆಯಲ್ಲಿ ಬೀದಿಯಲ್ಲಿದ್ದರೆ ಎಲ್ಲ ಮನೆಗಳಿಂದ ಒಟ್ಟಿಗೆ ಹೊರಬೀಳುವ ನಿಟ್ಟುಸಿರು ಕೇಳುತ್ತದೆ. ಹಗಲಲ್ಲಿ ಕೂತವರನ್ನು ನೋಡುವುದೆಂದರೆ ಮೈಮೇಲೆ ಬಟ್ಟೆ ಇಲ್ಲದವರನ್ನು ನೋಡಿದ ಹಾಗೆ. ‘ಕೂರು’ ಎಂಬ ಶಬ್ದವನ್ನೂ ಹಗಲಲ್ಲಿ ದನಿ ತಗ್ಗಿಸಿ ಆಡುತ್ತಿದ್ದೆವು.

ನಿಲ್ಲಲಾಗದವರಿಗಾಗಿ ಮಲಗುವ ಹಲಗೆ ಮಾಡಿಸಿದವಳು ನಾನೇ. ಸೊಂಟ ಹಿಡಿದವರು, ಕಾಲಿನ ನರ ಉಬ್ಬಿದವರು ಅದರ ಮೇಲೆ ಬೋರಲು ಮಲಗಿ, ಕೈಗಳನ್ನು ಕೆಳಗೆ ಇಳಿಬಿಟ್ಟು, ಮುಖಕ್ಕೆಂದು ಕೊರೆದ ತೂತಿನಿಂದ ನೋಡುತ್ತ ಕೊಡೆಯ ಬಟ್ಟೆಯನ್ನು ಕಡ್ಡಿಗೆ ಹೊಲಿಯುತ್ತಿದ್ದರು. ಬೆನ್ನ ಮೇಲೆ ಮಲಗಿ ಮಾಡುವ ಕೆಲಸಕ್ಕೆ ಬೇರೆ ನಮೂನೆಯ ಹಲಗೆ. ಮೊದಲ ವರ್ಷ ಆರಿದ್ದವು, ಹದಿನೈದು ವರ್ಷದಲ್ಲಿ ನಲವತ್ತಾದವು. ಒಮ್ಮೆ ಮೇಸ್ತ್ರಿ ಬಸವಣ್ಣೆಪ್ಪ, ತಲೆಯ ಕಡೆ ಎಷ್ಟು ಎತ್ತರ ಮಾಡಬಹುದು ಎಂದು ಕೇಳಿದ. ಯಾವ ನಿಯಮದಲ್ಲೂ ಅದು ಬರೆದಿರಲಿಲ್ಲ. ನಾನು ಕೈ ಚಾಚಿ ತೋರಿಸಿ, “ಒಂದು ಗೇಣು. ಅದಕಿಂತ ಹೆಚ್ಚಾದ್ರ ಅದು ಮಲಗಿದಂಗಲ್ಲ” ಅಂದೆ. ಅಂದಿನಿಂದ ಅದೇ ನಿಯಮವಾಯಿತು. ವರ್ಷಕ್ಕೊಮ್ಮೆ ನಡೆಯುವ ಸಭೆಯಲ್ಲಿ ನನಗೆ ಶಾಲು ಹೊದಿಸಿದ್ದರು. ನನಗೂ ನನ್ನ ಬಗ್ಗೆ ಹೆಮ್ಮೆಯಿತ್ತು.

ಆ ಸೋಮವಾರ ದುಂಡಪ್ಪ ಬಂದ. ಐವತ್ತನಾಲ್ಕು ವರ್ಷದವನು, ಇಪ್ಪತ್ತಾರು ವರ್ಷದಿಂದ ಕೊಡೆಗೆ ಹಿಡಿ ಕೂಡಿಸುತ್ತಿದ್ದವನು. ಪಾದ ಬಾತು ಚಪ್ಪಲಿಯ ಬಾರು ಮಾಂಸದೊಳಗೆ ಹೂತಿತ್ತು. ಬಾಗಿಲಿನಿಂದ ಮೇಜಿನವರೆಗೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಚೀಟಿ ಬರೆದದ್ದು ಊರಿಗೆ ಹೊಸದಾಗಿ ಬಂದ ಡಾಕ್ಟರಮ್ಮ, ಬೇರೆ ಕಡೆಯವರು. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಹೆಚ್ಚು ಹೊತ್ತು ನಿಲ್ಲಿಸಬಾರದು, ಮಲಗಿಸಲೇಬಾರದು, ಕೂತು ಕೆಲಸ ಮಾಡಲು ಅನುಕೂಲ ಮಾಡಿಕೊಡಬೇಕು ಎಂದು ಬರೆದಿದ್ದರು. ‘ಕೂತು’ ಎಂಬ ಶಬ್ದದ ಕೆಳಗೆ ಗೆರೆ ಎಳೆದಿದ್ದರು. ನನ್ನ ಕಿವಿ ಬಿಸಿಯಾದವು. ಚೀಟಿಯನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡೆ.

“ಈ ಡಾಕ್ಟರಮ್ಮಗ ನಮ್ಮೂರ ರೀತಿ ಗೊತ್ತಿಲ್ಲ ಕಾಣತೈತಿ,” ಅಂದೆ.

“ಹೌದ್ರಿ ಅಕ್ಕಾರ. ನಾನೂ ಹೇಳಿದೆ. ಅವರು ಕೇಳಲಿಲ್ಲ, ಬರದ ಕೊಟ್ರು.”

“ಹಲಗಿ ಕೊಡಸ್ತೀನ್ರಿ ದುಂಡಪ್ಪಣ್ಣ. ನಿಲ್ಲೂದರ ತಪ್ಪತೈತಿ.”

“ಮಕ್ಕೊಂಡ್ರ ಉಸಿರು ಕಟ್ಟತೈತ್ರಿ. ರಾತ್ರಿ ಮನ್ಯಾಗೂ ಮಕ್ಕೊಳ್ಳಾಕ ಆಗವಲ್ದು. ಗ್ವಾಡಿಗೆ ಆನಕೊಂಡು ಕುಂತ...” ಎಂದವನು, ಆ ಶಬ್ದ ಹಗಲು ಹೊತ್ತಿನಲ್ಲಿ, ಅದೂ ಹೆಣ್ಣುಮಗಳ ಮುಂದೆ ಬಾಯಿಂದ ಬಂತೆಂದು ನಾಚಿ ತಲೆ ತಗ್ಗಿಸಿದ.

“ಮೊದಲ ಎರಡು ದಿನ ಎಲ್ಲಾರಿಗೂ ಹಂಗ ಅನಸ್ತೈತ್ರಿ. ಆಮ್ಯಾಲ ರೂಢಿ ಆಗತೈತಿ. ಎರಡು ದಿಂಬು ಇಡಸ್ತೀನಿ.”

“ಎರಡು ಸಾಲೂದಿಲ್ರಿ. ನಾಕರ ಬೇಕು.”

“ಗೇಣಿನ ಮ್ಯಾಲ ಎತ್ತರ ಮಾಡಾಕ ಬರೂದಿಲ್ಲ.”

ಅವನು ಮೇಜಿನ ಅಂಚು ಹಿಡಿದುಕೊಂಡ. ಆಮೇಲೆ, “ಆತು ಬಿಡ್ರಿ. ನೀವು ಹೇಳಿದ ಮ್ಯಾಲ ಸರಿನ ಇರತೈತಿ,” ಅಂದ. ನಾನು ‘ಮಲಗಿ’ ಎಂಬ ಚೌಕದಲ್ಲಿ ಗುರುತು ಹಾಕಿದೆ. ಅವನು ತನ್ನ ಹೆಸರನ್ನು ದುಂಡಗೆ, ನಿಧಾನವಾಗಿ ಬರೆದ. ಒಂದೇ ದಿನದಲ್ಲಿ ಕೆಲಸ ಮುಗಿಸಿದೆನೆಂದು ನನಗೆ ಸಮಾಧಾನವಾಗಿತ್ತು.

ಬುಧವಾರ ಬಸವಣ್ಣೆಪ್ಪ ಓಡಿಬಂದ. ಅವನ ಮುಖ ನೋಡಿ ನಾನೂ ಓಡಿದೆ. ಹಲಗೆಯ ಮೇಲೆ ದುಂಡಪ್ಪ ಅಂಗಾತ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು, ಬಾಯಿ ತೆರೆದಿತ್ತು. ದಿಂಬುಗಳೆರಡೂ ನೆಲಕ್ಕೆ ಬಿದ್ದಿದ್ದವು. ಅರ್ಧ ಕೂಡಿಸಿದ ಒಂದು ಬೆತ್ತದ ಹಿಡಿ ಎಡಗೈಯಲ್ಲಿತ್ತು, ಯಾರು ಬಿಡಿಸಿದರೂ ಬಿಡಲಿಲ್ಲ. ಸುತ್ತ ಜನ ನಿಂತಿದ್ದರು, ಆದರೆ ಎಲ್ಲರೂ ಅವನಿಗೆ ಬೆನ್ನು ಮಾಡಿ ನಿಂತಿದ್ದರು. ಸತ್ತವನಿಗೆ ಯಾಕೆ ಬೆನ್ನು ಮಾಡಿದ್ದಾರೆ ಎಂದು ಆಗ ನನಗೆ ತಿಳಿಯಲಿಲ್ಲ. ಹೆಂಡತಿ ಶಿವಗಂಗವ್ವ ಬಂದಳು. ಅಳಲಿಲ್ಲ, ಹೇಗಾಯಿತೆಂದೂ ಕೇಳಲಿಲ್ಲ. “ಇವರ ಚಪ್ಪಲಿ ಎಲ್ಲಿ ಅದಾವು?” ಎಂದಷ್ಟೇ ಕೇಳಿದಳು. ಹುಡುಕಿ ಕೊಟ್ಟೆವು.

ಮರುದಿನ ಮಾಬೂಬಿ ನನ್ನ ಕೋಣೆಗೆ ಬಂದಳು. ಬೆನ್ನು ನೋವಿನವಳು, ದುಂಡಪ್ಪನ ಪಕ್ಕದ ಹಲಗೆ ಅವಳದು. ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

“ಅಕ್ಕಾರ, ಒಂದು ಮಾತು ಹೇಳಬೇಕು. ಹೇಳದಿದ್ರ ನನಗ ಅನ್ನ ಇಳಿಯೂದಿಲ್ಲ,” ಅಂದಳು. “ಅಣ್ಣ ಒಮ್ಮೆಲೆ ಸತ್ತಿಲ್ರಿ. ಮೊದಲ ಎದ್ದ. ಮೊಣಕೈ ಊರಿ, ಹೆಂಗೋ ಮಾಡಿ ಎದ್ದು, ಹಲಗಿ ಮ್ಯಾಲ ಕುಂತ.”

ನಾನು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟೆ.

“ಕುಂತಿದ್ದ್ರಿ. ಕಾಲು ಇಳಿಬಿಟ್ಟು ಕುಂತ. ಒಂದು ನಿಮಿಷ ಇರಬೇಕು. ಚಲೋ ಉಸಿರಾಡ್ತಿದ್ದ. ಬಣ್ಣ ತಿರಗಿ ಬಂದಿತ್ತು ಮಾರಿಗೆ. ನಾ ನೋಡಿದ್ನಿ. ಆದ್ರ ಸುತ್ತ ಎಲ್ಲಾರೂ ಮಾರಿ ತಿರಿವಿದ್ರು. ಹೆಣ್ಮಕ್ಕಳು ಸೆರಗು ಅಡ್ಡ ಹಿಡದ್ರು. ನಾನೂ... ನಾನೂ ಹೇಳಿದ್ನಿ ಅಕ್ಕಾರ. ‘ಮೇಸ್ತ್ರಿ, ಅವನ್ನ ಮಲಗಸ್ರಿ, ನೋಡಾಕ ಆಗವಲ್ದು’ ಅಂತ. ಬಸವಣ್ಣೆಪ್ಪ ಬಂದು ಹೆಗಲ ಮ್ಯಾಲ ಕೈ ಇಟ್ಟು, ‘ಮಕ್ಕೊ ದುಂಡಪ್ಪ, ಮರ್ಯಾದಿ ಹೋಗತೈತಿ’ ಅಂತ ಮೆಲ್ಲಕ ಹಿಂದಕ್ಕ ದೂಡಿದ. ಸಿಟ್ಟಿಲೆ ಅಲ್ರಿ, ಕೂಸಿನ್ನ ಮಲಗಿಸಿದಂಗ ಮಲಗಿಸಿದ. ಅಣ್ಣ ಮತ್ತ ಏಳಲಿಲ್ಲ.”

ಅವಳು ಹೋದಮೇಲೆ ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಗೊತ್ತಿಲ್ಲ. ಒಂದು ನಿಮಿಷ ಕೂತಿದ್ದ, ಮುಖಕ್ಕೆ ಬಣ್ಣ ಬಂದಿತ್ತು. ಮೇಜಿನ ಮೇಲೆ ನನ್ನ ಬಲಗೈ ಇತ್ತು, ಬೆರಳು ಅಗಲಿಸಿ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಎಷ್ಟಾಗುತ್ತದೆ ಎಂದು ನೋಡುತ್ತಿದ್ದೆ. ಆ ಅಳತೆ ನನ್ನದು. ಅಂದು ಬಸವಣ್ಣೆಪ್ಪನಿಗೆ ಎರಡು ಗೇಣು ಎಂದಿದ್ದರೆ ಎರಡು ಗೇಣೇ ನಿಯಮವಾಗುತ್ತಿತ್ತು.

ಕಪಾಟು ತೆಗೆದು ಹಳೆಯ ಫಾರ್ಮುಗಳನ್ನು ಹೊರಗೆ ಹಾಕಿದೆ. ಹದಿನೈದು ವರ್ಷದಲ್ಲಿ ಹತ್ತೊಂಬತ್ತು ಜನರ ಚೀಟಿಯಲ್ಲಿ ಡಾಕ್ಟರುಗಳು ಕೂರಿಸಬೇಕೆಂದೇ ಸೂಚಿಸಿದ್ದರು. ಕೆಲವರು ಸಂಕೋಚದಿಂದ ‘ವಿಶ್ರಾಂತ ಭಂಗಿ’ ಎಂದಿದ್ದರು. ಹತ್ತೊಂಬತ್ತಕ್ಕೂ ನಾನು ‘ಮಲಗಿ’ ಎಂದು ಗುರುತು ಹಾಕಿ ಮಂಜೂರು ಮಾಡಿದ್ದೆ. ಒಂದನ್ನೂ ತಳ್ಳಿಹಾಕಿರಲಿಲ್ಲ. ಹಾಜರಿ ಪುಸ್ತಕ ತೆಗೆದು ನೋಡಿದರೆ, ಅವರಲ್ಲಿ ಹದಿನಾರು ಜನ ಒಂದು ತಿಂಗಳೊಳಗೆ ತಾವಾಗಿ ಕೆಲಸ ಬಿಟ್ಟಿದ್ದರು. ಒಬ್ಬರೂ ಬಂದು ಯಾಕೆಂದು ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಅವರಲ್ಲಿ ಕಾಶವ್ವನ ಮನೆ ನನಗೆ ಗೊತ್ತಿತ್ತು. ಅವಳಿಗೆ ದಮ್ಮು. ಹೊಲಿಗೆಯಲ್ಲಿ ಅವಳಷ್ಟು ಚುರುಕಿನವರು ಕಾರ್ಖಾನೆಯಲ್ಲಿ ಇರಲಿಲ್ಲ. ಏಳು ವರ್ಷದ ಹಿಂದೆ ಬಿಟ್ಟುಹೋಗಿದ್ದಳು. ಮರುದಿನ ರಜೆ ಹಾಕಿ, ಮಧ್ಯಾಹ್ನ ಅವಳ ಓಣಿಗೆ ಹೋದೆ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ತಟ್ಟಿದೆ. ಒಳಗೆ ಸರಬರ ಸಪ್ಪಳವಾಯಿತು, ಏನನ್ನೋ ಎಳೆದಂತೆ.

“ಯಾರು?”

“ನಾನು ಕಾಶಕ್ಕ, ಕಾರ್ಖಾನಿ ನೀಲಾಂಬಿಕಿ.”

“ಏನ್ ಬೇಕಾಗಿತ್ತು?”

“ದುಂಡಪ್ಪ ಸತ್ತ. ಅದಕ್ಕ ಬಂದೆ.”

ಆಮೇಲೆ, “ಅಗಳಿ ಹಾಕಿಲ್ಲ, ಬಾ. ಬಂದು ಹಿಂದ ಮುಚ್ಚು,” ಅಂದಳು.

ಬಾಗಿಲು ತಳ್ಳಿದೆ. ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ನೇರ ನೆಲಕ್ಕೆ ಬಿದ್ದಿತ್ತು. ಆ ಬಿಸಿಲಿನಲ್ಲಿ, ಗಿಡ್ಡ ಮಣೆಯೊಂದರ ಮೇಲೆ ಕಾಶವ್ವ ಕೂತಿದ್ದಳು. ನಾನು ಥಟ್ಟನೆ ಮುಖ ತಿರುಗಿಸಿದೆ. ನಲವತ್ತಾರು ವರ್ಷದ ನಾನು ಅಲ್ಲಿಯವರೆಗೆ ಬಿಸಿಲಿನಲ್ಲಿ ಕೂತ ಮನುಷ್ಯರನ್ನು ನೋಡಿರಲಿಲ್ಲ. ಇಷ್ಟು ಮಡಚಿಕೊಳ್ಳುತ್ತದೆಯೇ ದೇಹ, ಇಷ್ಟು ಸಣ್ಣದಾಗುತ್ತದೆಯೇ ಅನಿಸಿತು.

“ಎದ್ದು ನಿಲ್ಲತಿದ್ನಿ,” ಅಂದಳು ಕಾಶವ್ವ. “ಆದ್ರ ನೀ ದುಂಡಪ್ಪನ ಸುದ್ದಿ ಹೇಳಿದಿ. ಅದಕ್ಕ ಏಳಲಿಲ್ಲ. ನೋಡು. ಒಂದು ಸಲ ನೋಡಿದ್ರ ಏನೂ ಆಗೂದಿಲ್ಲ.”

ನೋಡಿದೆ. ಅವಳ ಮುಂದೆ ಕೊಡೆಯ ಬಟ್ಟೆ ಇತ್ತು, ಯಾರದೋ ಹರಿದ ಕೊಡೆ. ಉಸಿರು ಸರಾಗವಾಗಿತ್ತು. ಮನೆಯಲ್ಲೇ ಊರಿನವರ ಹಳೆಯ ಕೊಡೆ ರಿಪೇರಿ ಮಾಡಿ ಏಳು ವರ್ಷ ಕಳೆದಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕೂತು.

“ಎಲ್ಲಾರಿಗೂ ಗೊತ್ತೈತೇನು?” ಎಂದೆ.

“ಈ ಓಣ್ಯಾಗ ಯಾಕ ಬಾಗಲಾ ಮುಚ್ಚಿರತಾವ ಅಂತ ಮಾಡೀದಿ? ಮುದುಕರು, ಬಾಣಂತ್ಯಾರು, ನನ್ನಂಥವರು. ಆಗದಾಗ ಇಲ್ಲಿ ಬಂದು ಕುಂಡ್ರತಾರ. ಯಾರೂ ಯಾರ ಮುಂದೂ ಹೇಳೂದಿಲ್ಲ.” ಅವಳು ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. ಹೇಳಲೋ ಬೇಡವೋ ಎಂಬಂತಿತ್ತು ಆ ನೋಟ. “ನಿಮ್ಮವ್ವನೂ ಕುಂಡ್ರತಿದ್ಲು. ಆ ಮೂಲ್ಯಾಗ.”

ನನ್ನ ತಾಯಿ ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು. ಎಪ್ಪತ್ತೆಂಟು ವರ್ಷದವಳಾದರೂ ಕಡೆಯ ದಿನದವರೆಗೆ ಹಗಲೆಲ್ಲ ನಿಂತೇ ಇದ್ದ ಹೆಣ್ಣುಮಗಳು ಎಂದು ಮಣ್ಣಿಗೆ ಬಂದವರೆಲ್ಲ ಕೊಂಡಾಡಿದ್ದರು. ನಾನು ಕೆಲಸಕ್ಕೆ ಹೋದಮೇಲೆ ದಿನವೂ ಕಾಶವ್ವನ ಮನೆಗೆ ಭಜನೆ ಪದ ಹೇಳಿಕೊಳ್ಳಲು ಹೋಗುತ್ತೇನೆ ಎನ್ನುತ್ತಿದ್ದಳು. ಮೂಲೆಗೆ ಹೋಗಿ ನೋಡಿದೆ. ಸುಣ್ಣದ ಗೋಡೆಯ ಮೇಲೆ, ನನ್ನ ಸೊಂಟದ ಎತ್ತರದಲ್ಲಿ, ಅಂಗೈ ಅಗಲದ ಎಣ್ಣೆಯ ಕಲೆ ಇತ್ತು. ಅವಳು ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆ. ದಿನವೂ ತಲೆ ಒರಗಿಸಿ ಒರಗಿಸಿ ಆದದ್ದು.

“ನನಗ ಯಾಕ ಹೇಳಲಿಲ್ಲ ಆಕಿ?” ಎಂದೆ.

“ನಿನಗ ಹೆಂಗ ಹೇಳ್ಯಾಳು? ಗೇಣಿಲೆ ಅಳದು ಮಂದಿನ್ನ ಮಲಗಸಾಕಿ ನೀನು. ನನ್ನ ಮಗಳ ಹೆಸರು ಕೆಡತೈತಿ ಅಂತಿದ್ಲು. ಮೊಣಕಾಲು ಇಷ್ಟು ದಪ್ಪ ಬಾತಿದ್ವು. ಸಂಜಿ ನೀ ಬರೂಕಿಂತ ಮೊದಲ ಮನಿಗೆ ಹೋಗಿ ಬಾಗಲದಾಗ ನಿಂತಿರತಿದ್ಲು.”

ಹೌದು, ನಿಂತಿರುತ್ತಿದ್ದಳು. ನಾನು ಬರುವಾಗ ದಿನವೂ ಬಾಗಿಲಲ್ಲಿ ನಿಂತಿರುತ್ತಿದ್ದಳು. ಗೋಡೆಯ ಆ ಕಲೆಯ ಮೇಲೆ ಕೈ ಇಟ್ಟೆ. ಆಮೇಲೆ ನಾನು ಅಲ್ಲೇ, ಆ ಮೂಲೆಯಲ್ಲಿ, ಹಾಡುಹಗಲು, ಗೋಡೆಗೆ ಬೆನ್ನು ಹಚ್ಚಿ ಜಾರಿ ಕೆಳಗೆ ಕೂತೆ. ಯಾವ ಆಲೋಚನೆಯೂ ಇರಲಿಲ್ಲ.

ಏಳುವಾಗ ಕೇಳಿದೆ. “ಕಾಶಕ್ಕ, ಕುಂಡ್ರಾಕ ಕೊಟ್ರ ಕಾರ್ಖಾನಿಗೆ ಬರ್ತೀ?”

“ಮಂದಿ ಮುಂದ?”

“ಮಂದಿ ಮುಂದ.”

ಅವಳು ಮುಂದಿದ್ದ ಹರಿದ ಬಟ್ಟೆಯನ್ನು ಮಡಿಸಿಟ್ಟಳು. “ಏಳು ವರ್ಷ ಮುಚ್ಚಿದ ಬಾಗಲದ ಹಿಂದ ಇದ್ದೀನಿ,” ಅಂದಳು ಕಡೆಗೆ. “ಹೊಸಾ ಬಟ್ಟಿ ಹೊಲದು ಎಷ್ಟು ದಿನಾ ಆತು. ಬರ್ತೀನಿ ನಡಿ.”

ಸೋಮವಾರ ಬೆಳಿಗ್ಗೆ ಹೊಸ ಫಾರ್ಮಿನಲ್ಲಿ ಕಾಶವ್ವನ ಹೆಸರು ಬರೆದು, ಸ್ಕೇಲು ಇಟ್ಟು, ಎರಡು ಚೌಕಗಳ ಕೆಳಗೆ ಮೂರನೆಯದನ್ನು ಎಳೆದೆ. ಮುಂದೆ ‘ಕೂತು’ ಎಂದು ಬರೆದೆ. ಗುರುತು ಹಾಕಿ, ಸಹಿ ಮಾಡಿ ವ್ಯವಸ್ಥಾಪಕ ಅಂದಾನಯ್ಯನವರ ಮುಂದೆ ಇಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ನೀಲಕ್ಕಾರ, ಆರಾಮ ಅದೀರಿಲ್ಲೋ?”

“ಅದೀನ್ರಿ.”

“ದುಂಡಪ್ಪಂದು ಮನಸ್ಸಿಗೆ ಹಚಗೊಂಡೀರಿ. ತಿಳೀತೈತಿ ನನಗ. ಆದ್ರ ಇದು... ಹೆಣ್ಮಕ್ಕಳು ಗಂಡಸರು ಕೂಡಿ ದುಡಿಯೂ ಜಾಗ ಇದು.”

“ದುಂಡಪ್ಪ ಒಂದು ನಿಮಿಷ ಕುಂತಿದ್ದಂತ್ರಿ. ಆ ನಿಮಿಷದಾಗ ಚಲೋ ಇದ್ದಂತ. ನಮ್ಮವರ ಅವನ್ನ ಮಲಗಿಸಿದ್ರು. ಆ ಗೇಣಿನ ಅಳತಿ ನಾನು ಹೇಳಿದ್ದು.”

ಅವರು ಮೇಜಿಗೆ ಎರಡೂ ಕೈ ಊರಿ ನಿಂತಿದ್ದರು. ಇದು ಅವರ ಕಿವಿಗೆ ಬಿದ್ದಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಿಧಾನವಾಗಿ ಬಿಳಚಿಕೊಂಡರು. “ನಾಳೆ ಊರವರು ಬಂದು ಕೇಳಿದ್ರ?” ಅಂದರು.

“ನನ್ನ ಹೆಸರು ಹೇಳ್ರಿ. ವಿನಾಯಿತಿಗೆ ನನ್ನ ಸಹಿ ಒಂದ ಸಾಕು ಅಂತ ನಿಯಮದಾಗೈತಿ.”

ಅವರು ಸಹಿ ಮಾಡಲಿಲ್ಲ, ಹರಿಯಲೂ ಇಲ್ಲ. ಫಾರ್ಮನ್ನು ನನ್ನ ಕಡೆಗೆ ತಳ್ಳಿ, ಬೆನ್ನು ಮಾಡಿ ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಅದನ್ನೇ ಒಪ್ಪಿಗೆ ಎಂದು ತಿಳಿದೆ.

ಹಗಲಲ್ಲಿ ಬಳಸುವ ಸ್ಟೂಲು ಮಾಡಿಕೊಡಲು ಬಡಿಗ ಒಪ್ಪಲಿಲ್ಲ. ಮರುದಿನ ನಮ್ಮ ಮನೆಯ ಅಟ್ಟದಿಂದ ಒಂದನ್ನು ಇಳಿಸಿದೆ. ನಮ್ಮಲ್ಲಿ ಹಗಲಲ್ಲಿ ಕುರ್ಚಿ ಸಾಗಿಸುವವರು ಬಟ್ಟೆ ಸುತ್ತಿ, ಏನೋ ಮೂಟೆ ಎಂಬಂತೆ ಒಯ್ಯುತ್ತಾರೆ. ಬಟ್ಟೆಗಾಗಿ ಕೈ ಹಾಕಿ, ಬಿಟ್ಟುಬಿಟ್ಟೆ. ಸ್ಟೂಲನ್ನು ಹಾಗೇ ಕಂಕುಳಲ್ಲಿ ಇರುಕಿಕೊಂಡು ಪೇಟೆಬೀದಿಯಲ್ಲಿ ನಡೆದೆ. ಖಾನಾವಳಿಯ ಸಾಲಿನಲ್ಲಿ ಉಣ್ಣುತ್ತಿದ್ದವರ ಕೈ ನಿಂತವು. ಒಬ್ಬ ತಾಯಿ ಮಗಳ ಕಣ್ಣು ಮುಚ್ಚಿದಳು. ಮಲ್ಲೇಶಿ ಪೆಟ್ಟಿಗೆಯಿಂದ ಇಳಿದು ಅಂಗಡಿಯ ಪರದೆ ಎಳೆದ. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಹೊಲಿಗೆಯ ಹಾಲಿನಲ್ಲಿ, ಮಲಗುವ ಹಲಗೆಗಳಿದ್ದದ್ದೂ ಅಲ್ಲೇ, ಇನ್ನೂರು ಜನ. ಕಾಶವ್ವ ನನ್ನ ಕೈ ಹಿಡಿದು ಬಂದಳು, ಆ ಕೈ ಒದ್ದೆಯಾಗಿತ್ತು. ಕಿಟಕಿಯ ಪಕ್ಕ ಸ್ಟೂಲು ಇಟ್ಟೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕೂತಳು. ಹಾಲಿನ ಸಪ್ಪಳವೆಲ್ಲ ಒಮ್ಮೆಲೇ ನಿಂತಿತು. ಯಾರದೋ ಕೈಯಿಂದ ಕಡ್ಡಿಗಳ ಕಟ್ಟು ಬಿದ್ದು ನೆಲದ ಮೇಲೆ ಚೆಲ್ಲಿತು. ಗಂಡಸರು ಗೋಡೆಯ ಕಡೆ ತಿರುಗಿದರು. ಬಸವಣ್ಣೆಪ್ಪ ಹಾಲಿನ ನಡುವೆ ನಿಂತಿದ್ದ. ಅವನು ಕಾಶವ್ವನ ಕಡೆಗೆ ಎರಡು ಹೆಜ್ಜೆ ಇಟ್ಟ. ಎರಡು ಹೆಜ್ಜೆಗೆ ನಿಂತು, ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡು, ಬೆನ್ನ ಹಿಂದೆ ಕಟ್ಟಿಕೊಂಡ. ಆಮೇಲೆ ಹೊರಗೆ ಹೋಗಿಬಿಟ್ಟ.

ಮಾಬೂಬಿ ಹಲಗೆಯಿಂದ ಕಷ್ಟಪಟ್ಟು ಎದ್ದಳು. ತಯಾರಾಗಿದ್ದ ಕೊಡೆಗಳ ರಾಶಿಯಿಂದ ಒಂದು ಕರಿ ಕೊಡೆ ತೆಗೆದು, ಬಿಚ್ಚಿ, ಕಾಶವ್ವನ ಎದುರಿಗೆ ನೆಲದ ಮೇಲೆ ಇಟ್ಟಳು. ಅವಳ ಮುಖ ಮರೆಯಾಯಿತು. ಇನ್ನೊಬ್ಬಳು ಬಂದು ಮತ್ತೊಂದನ್ನು ಇಟ್ಟಳು. ಹಾಗೇ ಒಂದೊಂದಾಗಿ ಇಪ್ಪತ್ತು ಇಪ್ಪತ್ತೈದು ಕೊಡೆಗಳು ಸುತ್ತುಗಟ್ಟಿದವು. ಒಳಗಿನಿಂದ ಸೂಜಿಗೆ ದಾರ ಎಳೆಯುವ ಸಪ್ಪಳ ಕೇಳತೊಡಗಿತು. ಅದು ಕೇಳಿದ ಮೇಲೆ ಉಳಿದವರೂ ನಿಧಾನವಾಗಿ ಕೆಲಸಕ್ಕೆ ತಿರುಗಿದರು.

ಆ ಕೊಡೆಗಳು ಮಾರಾಟದ ಮಾಲು. ಲಾರಿ ಬಂದಾಗ ಒಯ್ಯಲೇಬೇಕಿತ್ತು. ಮೊದಲ ವಾರ ಒಯ್ದಷ್ಟನ್ನೂ ಹೊಸವು ತಂದು ಇಟ್ಟರು. ಆಮೇಲೆ ಹತ್ತು ಉಳಿದವು, ಆಮೇಲೆ ನಾಲ್ಕು. ಒಂದು ದಿನ 'ಇವತ್ತು ಮಾಲು ಕಡಿಮಿ ಬಿದ್ದೈತಿ' ಎಂದು ಯಾರೋ ಕಡೆಯ ಕೊಡೆಯನ್ನೂ ಎತ್ತಿಕೊಂಡು ಹೋದರು. ಕಾಶವ್ವ ತಲೆ ಎತ್ತದೆ ಹೊಲಿಯುತ್ತಿದ್ದಳು. ನೋಡಲು ಆದವರು ನೋಡಿದರು, ಆಗದವರು ಬೇರೆ ಕಡೆ ನೋಡಿದರು. ಆ ತಿಂಗಳಲ್ಲಿ ನನ್ನ ಮೇಜಿಗೆ ಹದಿನಾಲ್ಕು ಅರ್ಜಿ ಬಂದವು. ಮೂರನೆಯ ಚೌಕವನ್ನು ಅವರೇ ತಮ್ಮ ಕೈಯಿಂದ ಎಳೆದುಕೊಂಡು ಬಂದಿದ್ದರು, ಕೆಲವು ಡೊಂಕಾಗಿದ್ದವು. ಸ್ಟೂಲುಗಳೂ ಅವರವರ ಅಟ್ಟದಿಂದಲೇ ಬಂದವು.

ಎಲ್ಲ ಸರಿಹೋಯಿತು ಎಂದೇನಲ್ಲ. ನನ್ನ ನಾದಿನಿ ಮನೆಗೆ ಬರುವುದನ್ನು ನಿಲ್ಲಿಸಿದಳು. ಹಾಲು ತರುವವನು ಪಾತ್ರೆಯನ್ನು ಬಾಗಿಲಿನಿಂದ ದೂರ ಇಟ್ಟು ಹೋಗುತ್ತಾನೆ. ಊರ ಹಿರಿಯರು ಮೂರು ಸಲ ಕಾರ್ಖಾನೆಯ ಗೇಟಿಗೆ ಬಂದು ಅಂದಾನಯ್ಯನವರ ಜೊತೆ ಜಗಳ ಮಾಡಿದರು. ಅವರು ಪ್ರತಿಸಲವೂ ನನ್ನ ಹೆಸರನ್ನೇ ಹೇಳಿದರು, ಆದರೆ ಸ್ಟೂಲುಗಳನ್ನು ತೆಗೆಸಲಿಲ್ಲ. ಬಸವಣ್ಣೆಪ್ಪ ಮೇಸ್ತ್ರಿ ಕೆಲಸ ಬಿಟ್ಟು ಗೋದಾಮಿಗೆ ಹೋದ. ಅವನೊಡನೆ ಈ ವಿಷಯ ಮಾತಾಡಲು ನನಗೆ ಇವತ್ತಿನವರೆಗೂ ಆಗಿಲ್ಲ. ಎದುರಿಗೆ ಸಿಕ್ಕಾಗ ಇಬ್ಬರೂ ನೆಲ ನೋಡುತ್ತೇವೆ.

ಮಳೆಗಾಲ ಮುಗಿಯುವ ಹೊತ್ತಿಗೆ ಶಿವಗಂಗವ್ವ ಬಂದಳು. ಗಂಡನ ಕಾಗದಪತ್ರಕ್ಕೆ ಸಹಿ ಮಾಡುವುದಿತ್ತು. ಸಹಿ ಮುಗಿದ ಮೇಲೆಯೂ ಹೋಗಲಿಲ್ಲ. “ಅದೇನೋ ಇಟ್ಟೀರಂತಲ್ರಿ ಹಾಲಿನ್ಯಾಗ. ನೋಡಬೇಕಾಗಿತ್ತು,” ಅಂದಳು. ಕರೆದುಕೊಂಡು ಹೋದೆ. ಊಟದ ಹೊತ್ತು, ಹೊಲಿಗೆಯ ಹಾಲಿನಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಪಕ್ಕ, ಸ್ಟೂಲುಗಳ ಸಾಲಿನ ತುದಿಗೆ ಕಾಶವ್ವನದು ಇತ್ತು.

ಶಿವಗಂಗವ್ವ ಅದರ ಸುತ್ತ ಒಮ್ಮೆ ನಡೆದಳು. ಬಗ್ಗಿ ಮೇಲಿನ ಹಲಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಒಂದು ಕಾಲನ್ನು ಹಿಡಿದು ಅಲ್ಲಾಡಿಸಿದಳು. ಒಂದು ಕೈಯಿಂದ ಎತ್ತಿ ಎಷ್ಟು ಹಗುರವೆಂದು ನೋಡಿ, ಇದ್ದಲ್ಲೇ ಇಟ್ಟಳು.

“ಬರೇ ಇಷ್ಟ ಏನ್ರಿ ಅಕ್ಕಾರ?” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಇನ್ನೂ ಏನಾದರೂ ಇರಬೇಕು, ನಾನು ತೋರಿಸದೆ ಬಿಟ್ಟದ್ದು ಏನೋ ಇರಬೇಕು ಎಂಬಂತೆ ನನ್ನ ಮುಖವನ್ನೂ ಸ್ಟೂಲನ್ನೂ ಮತ್ತೆ ಮತ್ತೆ ನೋಡಿದಳು.

“ಇಷ್ಟ,” ಎಂದೆ.